ಅದೇ ಸಕ್ಕರೆ, ಬೇರೆ ಗಂಟು

ನಮ್ಮ ಮೈಯಲ್ಲಿರುವ ಡಿಎನ್‌ಎ ಎಳೆಗಳನ್ನೆಲ್ಲ ಬಿಡಿಸಿ ಒಂದರ ತುದಿಗೆ ಇನ್ನೊಂದನ್ನು ಕಟ್ಟಿದರೆ ಸೂರ್ಯನನ್ನು ಮುಟ್ಟಿ ಹಲವು ಸಲ ವಾಪಸು ಬರುವಷ್ಟು ಉದ್ದವಾಗುತ್ತದಂತೆ. ಲೆಕ್ಕ ಸುಳ್ಳಲ್ಲ. ಒಂದು ಜೀವಕೋಶದಲ್ಲಿ ಸುಮಾರು 2 ಮೀಟರ್ ಎಳೆ, ಅಂಥ ಕೋಶಗಳು ಲಕ್ಷ ಕೋಟಿಗಳ ಲೆಕ್ಕದಲ್ಲಿ. ಗುಣಿಸಿದರೆ ಬರಬೇಕಾದ್ದೇ ಬರುತ್ತದೆ. ಭಾಷಣಗಳಲ್ಲಿ ಈ ಮಾತು ಬಂದಾಗ ಸಭೆಯೆಲ್ಲ ಒಮ್ಮೆ ಹುಬ್ಬೇರಿಸುತ್ತದೆ. ನನಗೇಕೋ ಏನೂ ಆಗುವುದಿಲ್ಲ. ದೊಡ್ಡ ಸಂಖ್ಯೆ ಒಂದು ಗಳಿಗೆ ಬಾಯಿ ತೆರೆಸುತ್ತದೆ, ಮರುಗಳಿಗೆ ಮರೆತುಹೋಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿರುವುದು ಅದಕ್ಕಿಂತ ತೀರ ಸಣ್ಣ ಸಂಗತಿ: ರಾಗಿಯ ಕಾಳು, ರಾಗಿಯ ಹುಲ್ಲು.

ಹಳೇ ಮೈಸೂರಿನ ಕಡೆ ರಾಗಿ ಕೊಯ್ದು ಕಣ ಮಾಡಿದ ಮೇಲೆ ಬೆಳೆ ಎರಡು ಪಾಲಾಗುತ್ತದೆ. ಕಾಳು ಮನೆಯೊಳಕ್ಕೆ, ಹುಲ್ಲು ಮೆದೆಗೆ. ಕಾಳು ಮನುಷ್ಯನಿಗೆ, ಹುಲ್ಲು ದನಕ್ಕೆ. ಹೀಗೇಕೆ ಪಾಲಾಯಿತು ಎಂದು ಯಾರೂ ಕೇಳುವುದಿಲ್ಲ. ಹುಲ್ಲನ್ನು ಮನುಷ್ಯ ತಿನ್ನುತ್ತಾನೆಯೇ? ಆದರೆ ಕಾಳಿನೊಳಗಿನ ಪಿಷ್ಟವನ್ನೂ ಹುಲ್ಲಿನೊಳಗಿನ ಸೆಲ್ಯುಲೋಸನ್ನೂ ಆಮ್ಲದಲ್ಲಿ ಕುದಿಸಿ ಬಿಡಿಬಿಡಿ ಮಾಡಿದರೆ ಎರಡರಿಂದಲೂ ಸಿಗುವುದು ಒಂದೇ ವಸ್ತು, ಗ್ಲೂಕೋಸ್. ಇಂಗಾಲದ 6 ಪರಮಾಣು, ಜಲಜನಕದ 12, ಆಮ್ಲಜನಕದ 6. ಇದರಲ್ಲೂ ಅಷ್ಟೇ, ಅದರಲ್ಲೂ ಅಷ್ಟೇ. ಒಂದು ಕೂದಲಿನಷ್ಟೂ ಹೆಚ್ಚುಕಡಿಮೆಯಿಲ್ಲ. ರೋಗಿಯ ನರಕ್ಕೆ ಬಾಟಲಿಯಿಂದ ಹನಿಹನಿಯಾಗಿ ಇಳಿಸುವ ಸಕ್ಕರೆಯೂ ಅದೇ. ಹುಲ್ಲಿನ ಮೆದೆ ಎಂದರೆ ನಾವು ತಿನ್ನಲಾಗದ ಸಕ್ಕರೆಯ ರಾಶಿ.

ವ್ಯತ್ಯಾಸವಿರುವುದು ಗಂಟಿನಲ್ಲಿ. ಸಂತೆಯಲ್ಲಿ ಕೂತು ಹೂ ಕಟ್ಟುವವರ ಬೆರಳುಗಳನ್ನು ನೋಡಿದ್ದರೆ ಇದು ಬೇಗ ಹೊಳೆಯುತ್ತದೆ. ಹೂಗಳ ಮುಖವನ್ನೆಲ್ಲ ಒಂದೇ ಕಡೆಗಿಟ್ಟು ಕಟ್ಟಿದರೆ ಒಂದು ಬಗೆಯ ಸರ; ಒಂದರ ಮುಖ ಆಚೆ, ಮುಂದಿನದರ ಮುಖ ಈಚೆ ಎಂದು ತಿರುವುತ್ತ ಹೋದರೆ ಇನ್ನೊಂದು ಬಗೆಯದು. ಹೂ ಅದೇ, ದಾರವೂ ಅದೇ. ಪಿಷ್ಟದಲ್ಲಿ ಗ್ಲೂಕೋಸುಗಳೆಲ್ಲ ಒಂದೇ ಕಡೆಗೆ ಮುಖ ಮಾಡಿವೆ. ಹಾಗಾಗಿ ಸರ ತಾನಾಗಿ ಬಾಗಿ ಸುರುಳಿಯಾಗುತ್ತದೆ, ನಡುವೆ ನೀರು ನುಗ್ಗಲು ಜಾಗವಿರುತ್ತದೆ. ಕುದಿಯುವ ಎಸರಿಗೆ ಹಿಟ್ಟು ಬಿದ್ದೊಡನೆ ಅದು ಉಬ್ಬಿ ಅಂಟಾಗುವುದು ಇದರಿಂದಲೇ. ಸೆಲ್ಯುಲೋಸಿನಲ್ಲಿ ಒಂದು ಬಿಟ್ಟು ಒಂದು ಗ್ಲೂಕೋಸ್ ಮಗುಚಿಕೊಂಡಿದೆ. ಈ ಮಗುಚುವಿಕೆಯಿಂದ ಸರ ನೆಟ್ಟಗೆ ಪಟ್ಟಿಯ ಹಾಗೆ ಚಾಚುತ್ತದೆ, ಪಕ್ಕದ ಪಟ್ಟಿಗೆ ಉದ್ದಕ್ಕೂ ಕಚ್ಚಿಕೊಳ್ಳುತ್ತದೆ, ನೀರಿಗೂ ಒಳಗೆ ದಾರಿ ಬಿಡುವುದಿಲ್ಲ. ಒಂದು ಕಡೆ ಮುದ್ದೆ, ಇನ್ನೊಂದು ಕಡೆ ಮರದ ತೊಲೆ, ಹತ್ತಿಬಟ್ಟೆ, ನೀವು ಓದುತ್ತಿರುವ ಪತ್ರಿಕೆಯ ಕಾಗದ.

ನಮ್ಮ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವಕ್ಕೆ ಮೊದಲನೆಯ ಗಂಟು ಬಿಚ್ಚಲು ಬರುತ್ತದೆ, ಎರಡನೆಯದು ಬರುವುದಿಲ್ಲ. (ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎನ್ನುವ ಶಾಸ್ತ್ರ ಪಾಲಿಸುವವರ ಬಾಯಲ್ಲಿ ಈ ಕಿಣ್ವಕ್ಕೆ ಕೈಹಾಕಲು ಸಮಯವೇ ಸಿಗುವುದಿಲ್ಲ. ಅವರಿಗಾಗಿ ಮೇದೋಜೀರಕ ಗ್ರಂಥಿ ಇನ್ನೊಂದು ಕಂತು ಅಮೈಲೇಸನ್ನು ಸಣ್ಣ ಕರುಳಿಗೆ ಕಳಿಸಿಕೊಡುತ್ತದೆ.) ಬಿಚ್ಚುವುದು ಎಂದರೆ ನೀರು ಸೇರಿಸುವುದು. ಎರಡು ಗ್ಲೂಕೋಸುಗಳು ಕೂಡುವಾಗ ಅವುಗಳ ನಡುವಿನಿಂದ ನೀರಿನ ಒಂದು ಅಣು ಹೊರಗೆ ಬೀಳುತ್ತದೆ. ಬೇರ್ಪಡಿಸಬೇಕಾದರೆ ಆ ನೀರನ್ನು ಮರಳಿ ಕೊಡಬೇಕು. ಪ್ರೋಟೀನಿಗೂ ಇದೇ ಕಟ್ಟಳೆ, ಡಿಎನ್‌ಎಗೂ ಇದೇ, ಕೊಬ್ಬಿಗೂ ಇದೇ. ಜೀವಲೋಕದ ಕಟ್ಟಡವೆಲ್ಲ ಎದ್ದಿರುವುದು ನೀರನ್ನು ಹಿಂಡಿ ಹೊರಹಾಕುತ್ತ. ಅದೂ ಎಲ್ಲಿ ಕೂತು? ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುವ ಕೋಶದೊಳಗೆ. ಸುತ್ತ ನೀರು ತುಂಬಿರುವಾಗ ಬಿಚ್ಚಿಕೊಳ್ಳುವುದು ಸುಲಭ, ಕಟ್ಟಿಕೊಳ್ಳುವುದು ಕಷ್ಟ. ಉಂಡ ಅನ್ನದ ಶಕ್ತಿಯಲ್ಲಿ ಒಂದು ದೊಡ್ಡ ಪಾಲು ಈ ಎದುರುಪ್ರವಾಹದ ಕೆಲಸಕ್ಕೇ ಖರ್ಚಾಗುತ್ತದೆ.

ದನಕ್ಕೂ ಎರಡನೆಯ ಗಂಟು ಬಿಚ್ಚಲು ಬರುವುದಿಲ್ಲ ಎನ್ನುವುದು ಈ ಕಥೆಯ ಇನ್ನೊಂದು ಮಗ್ಗುಲು. ಅದರ ಮೊದಲ ಹೊಟ್ಟೆಯಲ್ಲಿ ಮನೆಮಾಡಿರುವ ಸೂಕ್ಷ್ಮಜೀವಿಗಳಿಗೆ ಬರುತ್ತದೆ. ಹಸು ಹುಲ್ಲನ್ನು ಅಗಿದು, ನುಂಗಿ, ಮತ್ತೆ ಬಾಯಿಗೆ ತಂದು ಮೆಲುಕು ಹಾಕಿ ಅವುಗಳಿಗೆ ಉಣಿಸುತ್ತದೆ. ಅವು ಉಂಡು ಬಿಟ್ಟದ್ದನ್ನು, ಕೊನೆಗೆ ಅವನ್ನೇ, ತಾನು ಅರಗಿಸಿಕೊಳ್ಳುತ್ತದೆ. ಗೆದ್ದಲಿನ ಹೊಟ್ಟೆಯಲ್ಲೂ ಹೆಚ್ಚುಕಡಿಮೆ ಇಂಥದೇ ಒಪ್ಪಂದ. ಇದೇ ಸೆಲ್ಯುಲೋಸಿನ ಸರದಲ್ಲಿ ಪ್ರತಿ ಗ್ಲೂಕೋಸಿನ ಒಂದು ಮೂಲೆಗೆ ಸಾರಜನಕವಿರುವ ಒಂದು ಸಣ್ಣ ಗುಂಪನ್ನು ಅಂಟಿಸಿದರೆ ಕೈಟಿನ್ ಆಗುತ್ತದೆ. ಸೀಗಡಿಯ ಚಿಪ್ಪು, ಜೀರುಂಡೆಯ ಕವಚ, ಅಣಬೆಯ ಗೋಡೆ ಎಲ್ಲ ಅದರದೇ. ಸಕ್ಕರೆಯಿಂದ ರಕ್ಷಾಕವಚ ಮಾಡಿಕೊಳ್ಳಬಹುದೆಂದು ಕಬ್ಬಿನ ಗಾಣದ ಮುಂದೆ ನಿಂತವರಿಗೆ ತೋಚಲಾರದು.

ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ನೇಕಾರರು ಎರಡರ ಹಾಸುನೂಲುಗಳನ್ನು ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸುತ್ತಾರೆ. ಒಂದೇ ಸೀರೆಯಲ್ಲಿ ಗಿಡದ ಸಕ್ಕರೆಯೂ ಹುಳುವಿನ ಪ್ರೋಟೀನೂ ಕೈಹಿಡಿದಿವೆ. ಎರಡೂ ಉದ್ದನೆಯ ಸರಗಳೇ, ಎರಡರಿಂದಲೂ ನೂಲು ಬರುತ್ತದೆ, ಆದರೆ ಸಂಬಂಧವೇನೂ ಇಲ್ಲ. ಅಸಲಿ ರೇಷ್ಮೆಯೋ ಅಲ್ಲವೋ ಎಂಬ ಅನುಮಾನ ಬಂದಾಗ ಅಂಗಡಿಯವರು ಒಂದೆಳೆ ಕಿತ್ತು ಕಡ್ಡಿ ಗೀರಿ ಸುಡುವುದುಂಟು. ಹತ್ತಿಯ ಎಳೆ ಸುಟ್ಟರೆ ಕಾಗದ ಸುಟ್ಟ ವಾಸನೆ. ಕಾಗದವೂ ಹತ್ತಿಯೂ ಸೆಲ್ಯುಲೋಸೇ ತಾನೆ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ. ರಸಾಯನಶಾಸ್ತ್ರದ ಪುಸ್ತಕ ಬರುವ ಎಷ್ಟೋ ಮೊದಲೇ ಮೂಗು ಈ ಎರಡು ಕುಲಗಳನ್ನು ಬೇರ್ಪಡಿಸಿತ್ತು.

ಆದರೆ ಇವೆಲ್ಲ ಉದ್ದನೆಯ ಸರಗಳು ಎಂದು ಒಪ್ಪಿಕೊಳ್ಳಲು ರಸಾಯನಶಾಸ್ತ್ರಜ್ಞರಿಗೆ ಬಹಳ ಕಾಲ ಹಿಡಿಯಿತು. ಸೆಲ್ಯುಲೋಸನ್ನು ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ 1838ರಲ್ಲೇ ಗುರುತಿಸಿದ್ದ. ಪ್ರೋಟೀನ್ ಎಂಬ ಹೆಸರು ಅಚ್ಚಿಗೆ ಬಂದದ್ದೂ ಅದೇ ವರ್ಷ. ಹೆಸರು ಸಿಕ್ಕಿತು, ಸ್ವರೂಪ ಸಿಗಲಿಲ್ಲ. 20ನೇ ಶತಮಾನ ಬಂದಮೇಲೂ ರಬ್ಬರು, ಸೆಲ್ಯುಲೋಸ್, ಪ್ರೋಟೀನುಗಳೆಲ್ಲ ಸಣ್ಣಸಣ್ಣ ಅಣುಗಳು ಯಾವುದೋ ಸಡಿಲ ಸೆಳೆತದಿಂದ ಗುಂಪುಗೂಡಿದ ಮುದ್ದೆಗಳು ಎಂಬುದೇ ಪಂಡಿತರ ನಂಬಿಕೆ. ಅಲ್ಲ, ಸಾವಿರಾರು ಪರಮಾಣುಗಳು ಗಟ್ಟಿ ಬಂಧದಿಂದ ಕೂಡಿದ ಒಂದೇ ಒಂದು ಅಣು ಅದು ಎಂದು 1920ರಲ್ಲಿ ಜರ್ಮನಿಯ ಹರ್ಮನ್ ಸ್ಟಾಡಿಂಗರ್ ಬರೆದ. ಅಷ್ಟು ದೊಡ್ಡ ಅಣು ಇರುವುದು ಸಾಧ್ಯವೇ ಇಲ್ಲ ಎಂದು ಸಹೋದ್ಯೋಗಿಗಳು ನಕ್ಕರು. ಆ ಹುಚ್ಚು ಬಿಡು ಎಂದು ಹಿತೈಷಿಗಳೂ ಬುದ್ಧಿ ಹೇಳಿದರು. ಅವನು ಬಿಡಲಿಲ್ಲ. ಸಸ್ಯಶಾಸ್ತ್ರಜ್ಞೆಯಾಗಿದ್ದ ಹೆಂಡತಿ ಮಾಗ್ಡಾ ಕೂಡ ಕೆಲಸದಲ್ಲಿ ಜೊತೆಯಾದಳು. ಸುಮಾರು ಮೂರು ದಶಕ ಕಾದ ಮೇಲೆ, ಎಪ್ಪತ್ತು ದಾಟಿದ ಅವನಿಗೆ 1953ರಲ್ಲಿ ನೊಬೆಲ್ ಬಂತು. ಅಷ್ಟು ಹೊತ್ತಿಗೆ ಅವನ ಬೃಹದಣುಗಳಿಂದ ನೈಲಾನ್ ಕಾಲುಚೀಲ ತಯಾರಾಗಿ ಹೆಂಗಸರು ತೊಟ್ಟು ಹರಿದೂ ಆಗಿತ್ತು.

ಆ 1953 ವಿಚಿತ್ರ ವರ್ಷ. ಅದೇ ಏಪ್ರಿಲ್‌ನಲ್ಲಿ ಡಿಎನ್‌ಎಯ ಜೋಡಿ ಸುರುಳಿಯ ಚಿತ್ರ ಅಚ್ಚಾಯಿತು. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಫ್ರೆಡರಿಕ್ ಸ್ಯಾಂಗರ್ ಇನ್ಸುಲಿನ್ನಿನ ಎರಡನೆಯ ಸರದ ಅನುಕ್ರಮವನ್ನೂ ಓದಿ ಮುಗಿಸಿದ. ಅದೇ ವರ್ಷ ಅಮೆರಿಕದ ವಿದ್ಯಾರ್ಥಿ ಸ್ಟಾನ್ಲಿ ಮಿಲ್ಲರ್ ಗಾಜಿನ ಬುರುಡೆಯಲ್ಲಿ ನೀರು, ಮೀಥೇನ್, ಅಮೋನಿಯಾ, ಜಲಜನಕ ತುಂಬಿ ಕಿಡಿ ಹಾರಿಸಿ, ಪ್ರೋಟೀನಿನ ಸರಕ್ಕೆ ಹೂಗಳಾದ ಅಮೈನೋ ಆಮ್ಲಗಳನ್ನು ಪಡೆದ. ಹೀಗೆ ಎಲ್ಲ ಒಂದೇ ವರ್ಷಕ್ಕೆ ಬಂದದ್ದು ಕಾಕತಾಳೀಯವೇ ಇರಬಹುದು. ಆದರೂ ಆ ವರ್ಷದ ಪಂಚಾಂಗ ನೋಡಬೇಕೆನಿಸುತ್ತದೆ.

ಸ್ಯಾಂಗರನ ಕೆಲಸದ ಮಹತ್ವ ಏನೆಂದು ಈಗ ನಮಗೆ ತಟ್ಟುವುದು ಕಷ್ಟ. ಅವನಿಗಿಂತ ಮುಂಚೆ ಪ್ರೋಟೀನಿನಲ್ಲಿ ಅಮೈನೋ ಆಮ್ಲಗಳು ಸರಿಸುಮಾರು ಇಂತಿಷ್ಟು ಇರುತ್ತವೆ ಎಂದು ಗೊತ್ತಿತ್ತೇ ಹೊರತು, ಅವಕ್ಕೆ ಒಂದು ಖಚಿತ ಅನುಕ್ರಮವಿದೆ ಎಂಬುದೇ ಸಿದ್ಧವಾಗಿರಲಿಲ್ಲ. ಇನ್ಸುಲಿನ್ ಸಣ್ಣ ಪ್ರೋಟೀನು, ಎರಡು ಸರ ಸೇರಿ 51 ಅಮೈನೋ ಆಮ್ಲ. ಆ 51ಕ್ಕೂ ತಂತಮ್ಮ ಜಾಗವಿದೆ, ಒಂದೂ ಅತ್ತಿತ್ತ ಆಗುವುದಿಲ್ಲ ಎಂದು ಅವನು ತೋರಿಸಿದ. ಇರುವುದು ಇಪ್ಪತ್ತೇ ಬಗೆ. ರೇಷ್ಮೆ, ಕೊಂಬು, ಉಗುರು, ನಾಗರಹಾವಿನ ವಿಷ, ಹಾಲಿನ ಕೇಸಿನ್, ತೊಗರಿಬೇಳೆಯ ಸತ್ವ, ನೋಡುವ ಕಣ್ಣಿನ ಮಸೂರ, ಅಮೈಲೇಸಿನಂಥ ಕಿಣ್ವಗಳು, ಎಲ್ಲ ಆ ಇಪ್ಪತ್ತರಲ್ಲೇ ಆಗಬೇಕು. ರೇಷ್ಮೆಗಂತೂ ಇಪ್ಪತ್ತೂ ಬೇಕಿಲ್ಲ. ಬಹುಪಾಲು ಗ್ಲೈಸೀನ್, ಅಲನೀನ್, ಸೆರೀನ್ ಈ ಮೂರರಲ್ಲೇ ಅದರ ಮಿನುಗು, ಅದರ ಬಿಗಿ.

ಸರ ಕಟ್ಟಿಬಿಟ್ಟರೆ ಪ್ರೋಟೀನ್ ಆಗಲಿಲ್ಲ, ಅದು ಮಡಚಿಕೊಳ್ಳಬೇಕು. ಹೇಗೆ ಮಡಚಬೇಕೆಂದು ಯಾರು ಹೇಳಿಕೊಡುತ್ತಾರೆ? ಕ್ರಿಶ್ಚಿಯನ್ ಆನ್‌ಫಿನ್‌ಸೆನ್ 124 ಅಮೈನೋ ಆಮ್ಲಗಳ ಒಂದು ಕಿಣ್ವವನ್ನು ರಾಸಾಯನಿಕ ಹಾಕಿ ಪೂರ್ತಿ ಬಿಚ್ಚಿದ. ಅದರ ಕೆಲಸ ನಿಂತಿತು. ರಾಸಾಯನಿಕವನ್ನು ತೊಳೆದು ತೆಗೆದಾಗ ಸರ ತಾನೇ ಮೊದಲಿನಂತೆ ಮಡಚಿಕೊಂಡು ಕೆಲಸಕ್ಕೆ ಕೂತಿತು. ಮಡಿಕೆಯ ಗುಟ್ಟು ಅನುಕ್ರಮದೊಳಗೇ ಇತ್ತು, ಹೊರಗಿನವರು ಹೇಳಬೇಕಿರಲಿಲ್ಲ. ಎಲ್ಲ ಪ್ರೋಟೀನಿಗೂ ಈ ಭಾಗ್ಯವಿಲ್ಲ. ಬೆಂದ ಮೊಟ್ಟೆ ಆರಿದ ಮೇಲೆ ಹಸಿಯಾಗುವುದಿಲ್ಲ. ಬಿಚ್ಚಿಕೊಂಡ ಸರಗಳು ತಮ್ಮ ಮಡಿಕೆಗೆ ಮರಳುವ ಮೊದಲೇ ಪಕ್ಕದ ಸರಗಳಿಗೆ ಸಿಕ್ಕಿಹಾಕಿಕೊಂಡು ಬಿಳಿ ಗಡ್ಡೆಯಾಗಿರುತ್ತವೆ.

ಒಂದೇ ಒಂದು ಜಾಗ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಹಾಡಿಗಳಲ್ಲೇ ಉತ್ತರವಿದೆ. ಅಲ್ಲಿನ ಆದಿವಾಸಿ ಸಮುದಾಯಗಳಲ್ಲಿ ಕುಡುಗೋಲು ಕಣ ರೋಗ ಕಾಣಿಸಿಕೊಳ್ಳುತ್ತದೆ. ರಕ್ತದ ಹಿಮೋಗ್ಲೋಬಿನ್ನಿನ ಒಂದು ಬಗೆಯ ಸರದಲ್ಲಿ 146 ಅಮೈನೋ ಆಮ್ಲಗಳಿವೆ. ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದು ಕೂತರೆ, ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ನುಗಳು ಒಂದಕ್ಕೊಂದು ಅಂಟಿ ಕಡ್ಡಿಗಳಾಗುತ್ತವೆ. ದುಂಡಗಿನ ಕೆಂಪುಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೀಲುಗಳಲ್ಲಿ ತಡೆಯಲಾರದ ನೋವು. ಇದು ಅಣುವಿನ ರೋಗ ಎಂದು ಲೈನಸ್ ಪಾಲಿಂಗ್ 1949ರಲ್ಲಿ ತೋರಿಸಿದ. ತಪ್ಪಿದ ಜಾಗ ಯಾವುದೆಂದು ವರ್ನನ್ ಇನ್‌ಗ್ರಾಮ್ 1957ರಲ್ಲಿ ಬೆರಳಿಟ್ಟು ಹೇಳಿದ. ತಂದೆತಾಯಿ ಇಬ್ಬರಿಂದಲೂ ಈ ತಪ್ಪು ಬಂದರೆ ರೋಗ, ಒಬ್ಬರಿಂದ ಮಾತ್ರ ಬಂದರೆ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ. ತಪ್ಪು ಎಂದು ಕರೆಯುವುದೇ ಸರಿಯೋ ಇಲ್ಲವೋ ಎಂದು ಇಲ್ಲಿ ನಾಲಿಗೆ ತಡೆಯುತ್ತದೆ. ಆ ಕಾಡುಗಳಲ್ಲಿ ಸೊಳ್ಳೆಯೊಂದಿಗೆ ಬಾಳಿದವರ ತಲೆಮಾರುಗಳು ಅದನ್ನು ಸುಮ್ಮನೆ ಉಳಿಸಿಕೊಂಡು ಬಂದಿಲ್ಲ.

ಪ್ರೋಟೀನುಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕೊಲಾಜೆನ್. ಹಿಮೋಗ್ಲೋಬಿನ್ನಿಗೆ ಬಣ್ಣವಿದೆ, ಇನ್ಸುಲಿನ್ನಿಗೆ ಖ್ಯಾತಿಯಿದೆ. ಇದು ಸುಮ್ಮನೆ ಹಿಡಿದುಕೊಂಡಿರುತ್ತದೆ, ಅಷ್ಟೇ. ಚರ್ಮ, ಮೂಳೆ, ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ, ಹಲ್ಲಿನ ಬೇರು ಎಲ್ಲವನ್ನೂ. ನಮ್ಮ ಮೈಯ ಪ್ರೋಟೀನಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಇದೇ. ಚಪ್ಪಲಿಯ ತೊಗಲೂ ಇದೇ, ಕಾಲುಸೂಪು ಆರಿದಾಗ ಕಟ್ಟುವ ಲೋಳೆಯೂ ಇದೇ. ಇದರ ರಚನೆ ಬಯಲಾದದ್ದು ಮದರಾಸಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದು, ಸಿ.ವಿ. ರಾಮನ್ ಅವರ ಕೈಕೆಳಗೆ ಭೌತಶಾಸ್ತ್ರಕ್ಕೆ ಹೊರಳಿದ ಜಿ.ಎನ್. ರಾಮಚಂದ್ರನ್, 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಹೋದರು. ಏನು ಹಿಡಿಯಲಿ ಎಂದು ಯೋಚಿಸುತ್ತಿದ್ದಾಗ, ಭೇಟಿಗೆ ಬಂದ ಇಂಗ್ಲೆಂಡಿನ ಜೆ.ಡಿ. ಬರ್ನಾಲ್ ಕೊಲಾಜೆನ್ನಿನ ರಚನೆ ಇನ್ನೂ ಯಾರಿಗೂ ಸಿಕ್ಕಿಲ್ಲ ಎಂದರು. ತೊಗಲಿನ ಊರಲ್ಲಿ ಕೊಲಾಜೆನ್ನಿಗೆ ಬರವೇ? ಅಡ್ಯಾರಿನಲ್ಲೇ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯಿತ್ತು.

1954ರಲ್ಲಿ ರಾಮಚಂದ್ರನ್ ಮತ್ತು ಗೋಪಿನಾಥ ಕರ್ತ ಉತ್ತರ ಕೊಟ್ಟರು: ಮೂರು ಸರಗಳು ಒಟ್ಟಿಗೆ ಹೊಸೆದುಕೊಂಡಿವೆ. ಪ್ರತಿ ಸರದಲ್ಲೂ ಮೂರನೆಯದೆಲ್ಲ ಗ್ಲೈಸೀನ್. ಯಾಕೆ ಗ್ಲೈಸೀನೇ? ಅಮೈನೋ ಆಮ್ಲಗಳಲ್ಲೆಲ್ಲ ಅದೇ ಚಿಕ್ಕದು. ಮೂರೆಳೆ ಬಿಗಿಯಾಗಿ ಹೊಸೆದಾಗ ನಡುವೆ ಉಳಿಯುವ ಸಂದಿನಲ್ಲಿ ಬೇರೆ ಯಾರಿಗೂ ಜಾಗ ಸಾಲುವುದಿಲ್ಲ. ಸಾವಿರ ಅಮೈನೋ ಆಮ್ಲಗಳಷ್ಟು ಉದ್ದದ ಸರದಲ್ಲಿ ಒಂದೇ ಒಂದು ಗ್ಲೈಸೀನಿನ ಜಾಗಕ್ಕೆ ತುಸು ದಪ್ಪನೆಯದು ಬಂದರೂ ಹೊಸಿಗೆ ಅಲ್ಲಿ ಸಡಿಲುತ್ತದೆ. ಅಂಥ ಮಗುವಿನ ಮೂಳೆ ಎತ್ತಿಕೊಂಡರೂ ಮುರಿಯಬಹುದು. ಚಿಕ್ಕವನಾಗಿರುವುದೇ ಒಂದು ಹುದ್ದೆ ಎಂದು ಇನ್ನೆಲ್ಲೂ ನಾನು ಕಂಡಿಲ್ಲ.

ವಿದೇಶದ ವಿಮರ್ಶಕರು ಮದರಾಸಿನ ಮಾದರಿಯನ್ನು ಸುಲಭಕ್ಕೆ ಒಪ್ಪಲಿಲ್ಲ. ಅದರಲ್ಲಿ ಕೆಲವು ಪರಮಾಣುಗಳು ಇರಬೇಕಾದ್ದಕ್ಕಿಂತ ಹತ್ತಿರ ಬಂದಿವೆ ಎಂಬುದು ಅವರ ತಕರಾರು. ರಾಮಚಂದ್ರನ್ ಜಗಳಕ್ಕೆ ನಿಲ್ಲದೆ ಇನ್ನೊಂದು ಪ್ರಶ್ನೆ ಹಾಕಿಕೊಂಡರು: ಹಾಗಾದರೆ ಎಷ್ಟು ಹತ್ತಿರ ಬರಬಹುದು? ಗೊತ್ತಿದ್ದ ಹರಳುಗಳನ್ನೆಲ್ಲ ತಡಕಿ ಅಳತೆ ತೆಗೆದರು. ಅದರಿಂದ ಹುಟ್ಟಿದ್ದು 1963ರಲ್ಲಿ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಜೊತೆ ಅವರು ಪ್ರಕಟಿಸಿದ ನಕ್ಷೆ. ಪ್ರೋಟೀನಿನ ಸರ ಯಾವ ಯಾವ ಕೋನಗಳಲ್ಲಿ ತಿರುಗಬಹುದು, ಎಲ್ಲಿ ತಿರುಗಲಾರದು ಎಂಬುದು ಒಂದೇ ಚೌಕದೊಳಗೆ. ಚೌಕದ ಹೆಚ್ಚಿನ ಭಾಗ ನಿಷಿದ್ಧ, ಸಣ್ಣಸಣ್ಣ ದ್ವೀಪಗಳಲ್ಲಿ ಮಾತ್ರ ವಾಸ. ಪ್ರಪಂಚದ ಯಾವ ಮೂಲೆಯಲ್ಲಿ ಪ್ರೋಟೀನಿನ ರಚನೆ ಬಿಡಿಸಿದರೂ ಇಂದಿಗೂ ಅದನ್ನು ರಾಮಚಂದ್ರನ್ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ಮುಂದೆ ಅವರು ಬೆಂಗಳೂರಿಗೇ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣುಜೈವಿಕ ಭೌತವಿಜ್ಞಾನದ ವಿಭಾಗ ಕಟ್ಟಿದರು. ಅವರಿಗೆ ನೊಬೆಲ್ ಬರಲಿಲ್ಲ ಎಂದು ಕೊರಗುವವರಿದ್ದಾರೆ. ಹೆಸರು ಗಾದೆಯಷ್ಟು ಸಲೀಸಾಗಿ ಬಳಕೆಗೆ ಬಂದವರಿಗೆ ಪದಕದ ಕೊರತೆ ಅಷ್ಟೊಂದು ಕಾಡಬೇಕಿಲ್ಲ ಎಂದು ನನ್ನ ಎಣಿಕೆ.

ಇಷ್ಟು ಹೊತ್ತು ಗಂಟಿನ ಮಾತಾಯಿತು. ಈಗ ಒಂದಕ್ಕೊಂದು ಗಂಟು ಹಾಕಿಕೊಳ್ಳದವರ ಕಡೆ ಬರಬೇಕು.

ಕೊಬ್ಬು, ಎಣ್ಣೆ, ಮೇಣ, ಇವುಗಳ ಕುಲದವನ್ನು ದೊಡ್ಡ ಅಣುಗಳ ಪಟ್ಟಿಯಲ್ಲಿ ಪಾಠಪುಸ್ತಕ ಸೇರಿಸುತ್ತದೆ, ಸ್ವಲ್ಪ ಮುಜುಗರದಿಂದಲೇ. ಯಾಕೆಂದರೆ ಇವು ಸರಗಳೂ ಅಲ್ಲ, ಅಷ್ಟೇನೂ ದೊಡ್ಡವೂ ಅಲ್ಲ. ಕೋಶದ ಪೊರೆಯಲ್ಲಿರುವ ಕೊಬ್ಬಿನ ಅಣುವಿಗೆ ನೀರನ್ನು ಮೆಚ್ಚುವ ಒಂದು ತಲೆ, ನೀರೆಂದರಾಗದ ಎರಡು ಬಾಲ. ನೀರಿಗೆ ಹಾಕಿದರೆ ಬಾಲಗಳೆಲ್ಲ ಒಳಗೆ, ತಲೆಗಳೆಲ್ಲ ಹೊರಗೆ ಎಂಬಂತೆ ಎರಡು ಪದರವಾಗಿ ನಿಲ್ಲುತ್ತವೆ. ಯಾರೂ ಯಾರಿಗೂ ಕಟ್ಟಿಕೊಂಡಿಲ್ಲ, ಒಂದೊಂದೂ ತನ್ನ ಪದರದೊಳಗೆ ಆಡಾಡುತ್ತ ತಿರುಗುತ್ತದೆ. ಆದರೂ ಪೊರೆ ಹರಿಯುವುದಿಲ್ಲ, ಚುಚ್ಚಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಎರಡು ಲಕ್ಷದ ಒಂದು ಪಾಲಿನಷ್ಟು. ಒಳಗು ಹೊರಗು ಎಂಬ ಭೇದ ಜಗತ್ತಿನಲ್ಲಿ ಶುರುವಾದದ್ದು ಇಂಥ ಪೊರೆಯಿಂದ. ಅದಕ್ಕಿಂತ ಮೊದಲು ಎಲ್ಲ ಬಯಲೇ.

ಈ ಪೊರೆಯನ್ನು ಅರಿತ ಕಥೆಯಲ್ಲಿ ಕೊಳವೂ ಅಡುಗೆಮನೆಯೂ ಇವೆ. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಮ್ಮಿನ ಕೊಳಕ್ಕೆ ಒಂದು ಟೀಚಮಚದಷ್ಟು ಎಣ್ಣೆ ಸುರಿದ. ಅರ್ಧ ಎಕರೆ ನೀರು ಕನ್ನಡಿಯಂತೆ ಸುಮ್ಮನಾಯಿತು. ಅದನ್ನು ಅವನು 1774ರಲ್ಲಿ ಪ್ರಕಟಿಸಿದ. ಒಂದು ಅಣುವಿನ ದಪ್ಪವನ್ನೇ ಅವನು ಕಣ್ಣೆದುರು ಹರಡಿದ್ದ, ಲೆಕ್ಕ ಮಾತ್ರ ಹಾಕಲಿಲ್ಲ. ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಹೆಣ್ಣೆಂಬ ಕಾರಣಕ್ಕೆ ಕಾಲೇಜು ಕಾಣದವಳು. ಮನೆಗೆಲಸ ಮಾಡುತ್ತ ಪಾತ್ರೆ ತೊಳೆದ ನೀರಿನ ಮೇಲಿನ ಜಿಡ್ಡಿನ ಪದರವನ್ನು ತಗಡಿನ ತೊಟ್ಟಿಯಲ್ಲಿ ಅಳೆದಳು. ಅವಳ ಕಾಗದ ಓದಿದ ಲಾರ್ಡ್ ರೇಲಿ ಅದನ್ನು 1891ರಲ್ಲಿ ‘ನೇಚರ್’ ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದ. 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನು ತೆಗೆದು ಅಂಥದೇ ತೊಟ್ಟಿಯಲ್ಲಿ ಹರಡಿದಾಗ ಅದು ಕಣಗಳ ಮೈಯಳತೆಯ ಎರಡರಷ್ಟಾಯಿತು. ಪೊರೆ ಎರಡು ಪದರದ್ದು ಎಂಬುದಕ್ಕೆ ಅದೇ ಮೊದಲ ಸಾಕ್ಷಿ. ಅವರು ಕೊಬ್ಬನ್ನು ಪೂರ್ತಿ ತೆಗೆದಿರಲಿಲ್ಲ, ಕಣದ ಮೈಯನ್ನೂ ಕಡಿಮೆ ಅಳೆದಿದ್ದರು ಎಂದು ಆಮೇಲೆ ಗೊತ್ತಾಯಿತು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಬಂದಿತ್ತು. ದೈವ ಹೀಗೂ ಒಲಿಯುತ್ತದೆ.

ಧನುರ್ಮಾಸದ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿ ಕೂತು ತಲೆಗೆ ಹಚ್ಚುವವರನ್ನು ಕಾಯಿಸುತ್ತದೆ. ಕಡಲೆಕಾಯಿ ಎಣ್ಣೆ ಹರಿಯುತ್ತಲೇ ಇರುತ್ತದೆ. ಕೊಬ್ಬರಿ ಎಣ್ಣೆಯ ಬಾಲಗಳು ನೆಟ್ಟಗಿದ್ದು ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ. ಕಡಲೆಕಾಯಿ ಎಣ್ಣೆಯ ಬಾಲಗಳಲ್ಲಿ ನಡುವೆ ಸೊಟ್ಟವಿದೆ, ಅವಕ್ಕೆ ಒತ್ತಾಗಿ ನಿಲ್ಲಲು ಬರುವುದಿಲ್ಲ. ತಣ್ಣೀರಿನ ಮೀನುಗಳ ಕೋಶಪೊರೆಯಲ್ಲಿ ಇಂಥ ಸೊಟ್ಟ ಬಾಲಗಳೇ ಹೆಚ್ಚು. ಇಲ್ಲದಿದ್ದರೆ ಹೆಪ್ಪುಗಟ್ಟುವ ಕಡಲಲ್ಲಿ ಪೊರೆಯೂ ಹೆಪ್ಪುಗಟ್ಟಿ ಮೀನಿಗೆ ಈಜಲಾಗುತ್ತಿರಲಿಲ್ಲ. ಇಲ್ಲೂ ಸಾಮಗ್ರಿ ಹೆಚ್ಚುಕಡಿಮೆ ಅದೇ, ಒಂದು ಸಣ್ಣ ಸೊಟ್ಟದಲ್ಲಿ ಬದುಕು ನಿಂತಿದೆ.

ಡಿಎನ್‌ಎ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದಕ್ಕೆ ಬೇಕಾದಷ್ಟು ಪ್ರಚಾರ ಸಿಕ್ಕಿದೆ. ಮೊದಲ ಬಾರಿಗೆ ಅದನ್ನು ಕಂಡವನು ಸ್ವಿಟ್ಜರ್ಲೆಂಡಿನ ಫ್ರೆಡ್ರಿಕ್ ಮೀಷರ್, 1869ರಲ್ಲಿ, ಟ್ಯೂಬಿಂಗೆನ್ ಕೋಟೆಯ ಹಳೆಯ ಅಡುಗೆಮನೆಯಲ್ಲಿದ್ದ ಪ್ರಯೋಗಶಾಲೆಯಲ್ಲಿ. ಆಸ್ಪತ್ರೆಯಿಂದ ತಂದ ಬ್ಯಾಂಡೇಜುಗಳ ಕೀವನ್ನು ತೊಳೆದು ತೆಗೆದ ವಸ್ತು ಅದು. ಅದರ ಕಟ್ಟೋಣದಲ್ಲಿ ನನಗೆ ಇಷ್ಟವಾಗುವುದು ಎರಡು ಬಗೆಯ ಗಂಟುಗಳ ವಿವೇಕ. ಎಳೆಯ ಉದ್ದಕ್ಕೆ ಗಟ್ಟಿ ಗಂಟು, ಸುಲಭಕ್ಕೆ ಬಿಚ್ಚುವಂಥದ್ದಲ್ಲ. ಎರಡು ಎಳೆಗಳ ನಡುವೆ ಅಡ್ಡಕ್ಕೆ ಸಡಿಲ ಜಲಜನಕ ಬಂಧ, ಒಂದು ಜೋಡಿಗೆ ಎರಡು, ಇನ್ನೊಂದಕ್ಕೆ ಮೂರು. ಬರೆದದ್ದು ಅಳಿಯಬಾರದು, ಓದಲು ಪುಟ ತೆರೆಯಬೇಕು, ಎರಡೂ ಒಟ್ಟಿಗೆ. ಆದರೆ ಇದು ಸ್ವತಃ ಏನನ್ನೂ ಮಾಡುವುದಿಲ್ಲ. ಓದುವುದು, ನಕಲು ತೆಗೆಯುವುದು, ತಿದ್ದುವುದು ಎಲ್ಲ ಪ್ರೋಟೀನುಗಳ ಕೆಲಸ. ಹಾಗೆಂದು ಪ್ರೋಟೀನುಗಳು ಬೀಗುವಂತಿಲ್ಲ. ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸುವ ಕಾರ್ಖಾನೆಯಾದ ರೈಬೋಸೋಮಿನ ರಚನೆ ಬಿಡಿಸಿದ್ದಕ್ಕೆ ಚಿದಂಬರದಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಮತ್ತಿಬ್ಬರಿಗೆ 2009ರಲ್ಲಿ ನೊಬೆಲ್ ಬಂತು. ಅದರ ಹೃದಯಭಾಗದಲ್ಲಿ, ಗಂಟು ಬೀಳುವ ಜಾಗದಲ್ಲೇ, ಇರುವುದು ಆರ್‌ಎನ್‌ಎ. ಪ್ರತಿಯೊಂದು ಪ್ರೋಟೀನಿನ ಪ್ರತಿಯೊಂದು ಗಂಟನ್ನು ಹಾಕಿದ ಬೆರಳು ಪ್ರೋಟೀನಿನದಲ್ಲ.

ಇಷ್ಟೆಲ್ಲ ಜತನದಿಂದ ಕಟ್ಟಿದ್ದು ಎಷ್ಟು ದಿನ ಬಾಳುತ್ತದೆ? ದೇಹವೆಂದರೆ ಎಂಜಿನ್ನು, ಊಟವೆಂದರೆ ಅದಕ್ಕೆ ಹಾಕುವ ಇಂಧನ ಎಂದು ಬಹುಕಾಲ ಎಣಿಸಿದ್ದರು. ನ್ಯೂಯಾರ್ಕಿನಲ್ಲಿ ರುಡಾಲ್ಫ್ ಶೋನ್‌ಹೈಮರ್ 1930ರ ದಶಕದ ಕೊನೆಯಲ್ಲಿ, ತೂಕದಿಂದ ಗುರುತು ಹಿಡಿಯಬಹುದಾದ ಸಾರಜನಕವಿರುವ ಅಮೈನೋ ಆಮ್ಲವನ್ನು ಬೆಳವಣಿಗೆ ಮುಗಿದ ಇಲಿಗಳಿಗೆ ತಿನ್ನಿಸಿದ. ಅದೆಲ್ಲ ಮೂತ್ರದಲ್ಲಿ ಹೊರಬರಬೇಕಿತ್ತು. ಬರಲಿಲ್ಲ, ಅರ್ಧಕ್ಕಿಂತ ಹೆಚ್ಚು ಇಲಿಯ ಮೈಯ ಪ್ರೋಟೀನಿಗೇ ಸೇರಿಹೋಗಿತ್ತು, ಆದರೂ ಇಲಿಯ ತೂಕ ಹೆಚ್ಚಿರಲಿಲ್ಲ. ಅಂದರೆ ಅಷ್ಟೇ ಹಳೆಯ ಪ್ರೋಟೀನು ಒಡೆದು ಜಾಗ ಬಿಟ್ಟಿತ್ತು. ಯಕೃತ್ತಿನ ಎಷ್ಟೋ ಪ್ರೋಟೀನುಗಳ ಆಯಸ್ಸು ಕೆಲವೇ ದಿನ. ಹೋದ ವರ್ಷದ ಯುಗಾದಿಯಲ್ಲಿ ಹೋಳಿಗೆ ತಿಂದವರ ಮೈಯೇ ಬೇರೆ, ಈ ವರ್ಷ ತಿಂದವರ ಮೈಯೇ ಬೇರೆ.

ಪೂರ್ತಿ ಬೇರೆಯಲ್ಲ. ಕಣ್ಣಿನ ಮಸೂರದ ನಡುಭಾಗ ರೂಪುಗೊಳ್ಳುವುದು ತಾಯಿಯ ಗರ್ಭದಲ್ಲಿ. ಬೆಳಕು ಅಡ್ಡಿಯಿಲ್ಲದೆ ಹಾಯಲೆಂದು ಅಲ್ಲಿನ ಕೋಶಗಳು ತಮ್ಮ ಕೋಶಕೇಂದ್ರವನ್ನೂ ಉಳಿದ ಸಾಮಾನನ್ನೂ ಕಳಚಿಹಾಕಿಬಿಡುತ್ತವೆ. ಆಮೇಲೆ ಹೊಸ ಪ್ರೋಟೀನು ಕಟ್ಟುವ ದಾರಿಯೇ ಇಲ್ಲ. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಇಂಗಾಲದ ಗುರುತು ಹಿಡಿದು ಡೆನ್ಮಾರ್ಕಿನ ಸಂಶೋಧಕರು 2008ರಲ್ಲಿ ಇದನ್ನು ಖಚಿತಪಡಿಸಿದರು: ಮಸೂರದ ತಿರುಳಿನ ವಯಸ್ಸು ಮನುಷ್ಯನ ವಯಸ್ಸೇ. ಎಂಬತ್ತರ ಅಜ್ಜಿ ಜಗತ್ತನ್ನು ನೋಡುವುದು ತನ್ನ ತಾಯಿ ಬಸುರಿಯಲ್ಲಿ ಉಂಡ ಅನ್ನದ ಮೂಲಕ. ಅಷ್ಟು ವರ್ಷ ಬಿಸಿಲು ಕುಡಿದ ಆ ಪ್ರೋಟೀನುಗಳು ಹಳದಿಗಟ್ಟುತ್ತವೆ, ಕೊನೆಗೆ ಒಂದಕ್ಕೊಂದು ಅಂಟಿ ಮಬ್ಬಾಗುತ್ತವೆ, ಮೊಟ್ಟೆಯ ಬಿಳಿಯ ಹಾಗೆಯೇ, ಆದರೆ ನಿಧಾನವಾಗಿ. ಅದನ್ನೇ ಪೊರೆ ಬಂತು ಎನ್ನುತ್ತೇವೆ. ಡಾ. ಎಂ.ಸಿ. ಮೋದಿಯವರ ಉಚಿತ ಕಣ್ಣಿನ ಶಿಬಿರಗಳ ಕಾಲದಲ್ಲಿ ಮಸೂರ ತೆಗೆದ ಮೇಲೆ ದಪ್ಪ ಗಾಜಿನ ಕನ್ನಡಕವೇ ಗತಿಯಾಗಿತ್ತು. ಈಗ ಒಳಗೇ ಬೇರೆ ಮಸೂರ ಕೂರಿಸುತ್ತಾರೆ. ಅದರ ಮೂಲ ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಮಾಡಿದ ಸಾಹಸ. ಯುದ್ಧವಿಮಾನದ ಮುಚ್ಚಳ ಒಡೆದು ಅದರ ಅಕ್ರಿಲಿಕ್ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡಿದ್ದನ್ನು ಅವನು ಕಂಡಿದ್ದ. ಅಕ್ರಿಲಿಕ್ ಕೂಡ ಸಣ್ಣ ಅಣುಗಳ ಉದ್ದನೆಯ ಸರವೇ. ಸ್ಟಾಡಿಂಗರನನ್ನು ನೋಡಿ ನಕ್ಕವರು ಇರಲಾರದು ಎಂದಿದ್ದ ಜಾತಿಯದು.

ಹಳದಿ ಪ್ರೋಟೀನು ಹೋಗಿ ತಿಳಿ ಪ್ಲಾಸ್ಟಿಕ್ಕು ಕೂತೊಡನೆ ಇಷ್ಟು ವರ್ಷ ತಡೆದಿದ್ದ ನೀಲಿ ಬೆಳಕು ಒಳಗೆ ಬರುತ್ತದೆ. ಬಿಳಿ ಮತ್ತೆ ಬಿಳಿಯಾಗುತ್ತದೆ. ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದ ಅತ್ತೆ ಸೊಸೆಗೆ ಕೇಳುವುದು ಹಲವು ಮನೆಗಳಲ್ಲಿ ಒಂದೇ ಮಾತು: “ಏನೇ, ಗೋಡೆಗೆ ಯಾವಾಗ ಸುಣ್ಣ ಹೊಡಿಸ್ದೆ? ನನಗೊಂದು ಮಾತು ಹೇಳ್ಬಾರ್ದಾಗಿತ್ತಾ?”